ಅಮ್ಮಿಯ ರೇಡಿಯೋ ಮತ್ತು ನನ್ನ ಪಿನ್ನು

ಕೆಲವು ತಪ್ಪುಗಳನ್ನು ಮಾಡುವಾಗ ನಮಗೆ ಉಪಕಾರ ಮಾಡುತ್ತಿದ್ದೇವೆ ಎಂದೇ ಅನಿಸುತ್ತಿರುತ್ತದೆ. 2016ರ ಜೂನ್ ತಿಂಗಳ ಮೊದಲ ರವಿವಾರ ಕಮಲಾಪುರದ ತವರಿನಲ್ಲಿ ನಾನು ಮಾಡಿದ್ದು ಅಂಥದೊಂದು ತಪ್ಪು. ಸಾಧನವೂ ಚಿಕ್ಕದು, ತಲೆವಸ್ತ್ರಕ್ಕೆ ಚುಚ್ಚಿಕೊಂಡಿದ್ದ ಒಂದು ಪಿನ್ನು.

ರಮಝಾನ್ ಎರಡು ದಿನ ಇತ್ತು. ಮನೆ ಸ್ವಚ್ಛ ಮಾಡಲು ಭಾಬಿಗೆ ಒಂದು ಕೈ ಸಹಾಯವಾಗಲೆಂದು ಕಲಬುರಗಿಯಿಂದ ಬೆಳಗಿನ ಹುಮನಾಬಾದ್ ಬಸ್ಸು ಹಿಡಿದು ಹೋಗಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅಮ್ಮಿ ಮೆಲ್ಲಗೆ ಹೇಳಿದರು, ‘ಬೇಟಿ, ನಿನ್ನೆಯಿಂದ ನನ್ನ ರೇಡಿಯೋ ಮಾತಾಡುತ್ತಿಲ್ಲ. ಸ್ವಲ್ಪ ನೋಡುತ್ತೀಯಾ?’

ಅಮ್ಮಿಯ ಕಣ್ಣುಗಳನ್ನು ಗ್ಲಾಕೋಮಾ ತಿಂದುಹಾಕಿ ಆಗಲೇ ಆರು ವರ್ಷವಾಗಿತ್ತು. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದಷ್ಟೇ ಅವರಿಗೆ ತಿಳಿಯುತ್ತಿತ್ತು. ರಿಯಾದ್‌ನಲ್ಲಿರುವ ನಮ್ಮ ಭಾಯಿಜಾನ್ ಒಮ್ಮೆ ರಜೆಯಲ್ಲಿ ಬರುವಾಗ ಅಂಗೈಗಿಂತ ತುಸು ದೊಡ್ಡದಾದ ಒಂದು ರೇಡಿಯೋ ತಂದುಕೊಟ್ಟಿದ್ದರು. ತಿರುಗಿಸುವ ಮುಳ್ಳಿನ ಹಳೆಯ ರೇಡಿಯೋ ಅಲ್ಲ. ಫೋನಿನ ಹಾಗೆ ಒಂದರಿಂದ ಸೊನ್ನೆಯವರೆಗೆ ಗುಂಡಿಗಳು, ಒಂದು ಪುಟ್ಟ ಪರದೆ, ಗಡಿಯಾರ, ಅಲಾರಂ, ತಾನಾಗಿಯೇ ನಿಲ್ದಾಣ ಹುಡುಕುವ ಸ್ಕ್ಯಾನ್ ಗುಂಡಿ, ಎಲ್ಲ ಇದ್ದವು. ಐದನೇ ಗುಂಡಿಯ ಮೇಲೆ ಸಾಸಿವೆಯಷ್ಟು ಒಂದು ಉಬ್ಬು. ಆ ಉಬ್ಬನ್ನು ಹಿಡಿದುಕೊಂಡೇ ಅಮ್ಮಿ ಉಳಿದ ಗುಂಡಿಗಳ ದಾರಿ ಕಲಿತಿದ್ದರು. ಒಂದು ಒತ್ತಿದರೆ ನಮ್ಮ ಕಲಬುರಗಿ ಆಕಾಶವಾಣಿ. ಎರಡು ಒತ್ತಿದರೆ ಹೈದರಾಬಾದ್. ಮೂರು ವಿವಿಧ ಭಾರತಿ. ನಾಲ್ಕು ಬಿಬಿಸಿ ಹಿಂದಿ. ಮನೆಯಲ್ಲಿ ಅವರು ಯಾರ ನೆರವೂ ಇಲ್ಲದೆ ಮಾಡುತ್ತಿದ್ದ ಕೆಲಸಗಳು ಬೆರಳೆಣಿಕೆಯಷ್ಟು. ವುಝೂ, ನಮಾಝು, ತಸ್ಬೀಹ್ ಮತ್ತು ಈ ರೇಡಿಯೋ.

ನಾನು ರೇಡಿಯೋ ತೆಗೆದುಕೊಂಡು ನೋಡಿದೆ. ಪರದೆಯಲ್ಲಿ ಗಡಿಯಾರದ ಅಂಕಿಗಳಿದ್ದವು, ಆದರೆ ಯಾವ ಗುಂಡಿ ಒತ್ತಿದರೂ ಉತ್ತರವಿಲ್ಲ. ಬ್ಯಾಟರಿ ತೆಗೆದು ಹಾಕಿದೆ. ಆಗಲೂ ಹಾಗೆಯೇ. ಹಿಂಬದಿಯಲ್ಲಿ ಸೂಜಿ ತೂರುವಷ್ಟು ಒಂದು ತೂತು, ಪಕ್ಕದಲ್ಲಿ ‘ರಿಸೆಟ್’ ಎಂದು ಬರೆದಿತ್ತು. ಮದ್ರಸದಲ್ಲಿ ಓದಿ, ಆಮೇಲೆ ಹಟ ಹಿಡಿದು ಬಿ.ಎ. ಮಾಡಿ, ಹತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. ಇಂಗ್ಲಿಷ್ ಓದಲು ಬರುತ್ತದೆ ಎಂಬ ಧೈರ್ಯ ಬೇರೆ. ಪಿನ್ನು ತೆಗೆದು ಆ ತೂತಿಗೆ ಒತ್ತಿದೆ. ಪರದೆ ಒಮ್ಮೆ ಆರಿ ಹೊತ್ತಿಕೊಂಡಿತು. ಗುಂಡಿ ಒತ್ತಿದರೆ ಎಫ್.ಎಂ.ನಲ್ಲಿ ಯಾವುದೋ ಹಾಡು! ಭಾಬಿ ಮೆಚ್ಚುಗೆಯಿಂದ ನೋಡಿದರು. ಅಮ್ಮಿ ನನ್ನ ತಲೆ ಸವರಿ ದುಆ ಮಾಡಿದರು. ಆಗ ಸುಮಾರು ಮೂರು ಗಂಟೆ. ನಾಲ್ಕರ ಬಸ್ಸಿಗೆ ನಾನು ಕಲಬುರಗಿಗೆ ಹೊರಟುಬಿಟ್ಟೆ.

ಸೋಮವಾರ ಸಂಜೆ ಚಂದ್ರದರ್ಶನವಾಯಿತು. ಮಂಗಳವಾರ, ಜೂನ್ 7ರಂದು ಮೊದಲ ಉಪವಾಸ. ಆ ದಿನ ಅಸರ್ ಹೊತ್ತಿಗೆ ಭಾಬಿಯ ಫೋನು ಬಂತು. ಮೊದಲು ಸಲಾಂ, ಕ್ಷೇಮ, ಆಮೇಲೆ ತುಸು ತಡೆದು, ‘ಆಪಾ, ಇವತ್ತು ನಮ್ಮ ಮನೆಯಲ್ಲಿ ಯಾರೂ ಸಹರಿಗೆ ಎದ್ದಿಲ್ಲ’ ಎಂದರು.

ಪ್ರತಿವರ್ಷ ಆ ಮನೆಯನ್ನು ಸಹರಿಗೆ ಎಬ್ಬಿಸುತ್ತಿದ್ದುದು ಅಮ್ಮಿಯ ರೇಡಿಯೋ. ಚಂದ್ರ ಕಂಡ ರಾತ್ರಿ ಅಮ್ಮಿ ಅಲಾರಂ ಗುಂಡಿಯನ್ನು ಒತ್ತಿ ಹಿಡಿಯುವರು, ಅದು ‘ಬೀಪ್’ ಎನ್ನುವುದು, ಬೆಳಗಿನ ಮೂರೂವರೆಗೆ ಕೂಗುವುದು. ಸಮಯವನ್ನು ಭಾಯಿಜಾನ್ ಹಿಂದೆಯೇ ಹೊಂದಿಸಿ ಹೋಗಿದ್ದರು. ಅಂದೂ ಅಮ್ಮಿ ಗುಂಡಿ ಒತ್ತಿದ್ದಾರೆ, ಅದು ‘ಬೀಪ್’ ಎಂದಿದೆ, ಅಮ್ಮಿ ನಂಬಿ ಮಲಗಿದ್ದಾರೆ. ರಾತ್ರಿ ಕರೆಂಟು ಹೋಗಿ ಮಸೀದಿಯ ಮೈಕೂ ಕೇಳಿಸಲಿಲ್ಲ, ತಮ್ಮನ ಫೋನಿನಲ್ಲಿ ಚಾರ್ಜೂ ಇರಲಿಲ್ಲ. ಎಲ್ಲರಿಗೂ ಎಚ್ಚರವಾದಾಗ ಪೂರ್ವ ಬೆಳಗಾಗಿತ್ತು. ಎಪ್ಪತ್ತು ದಾಟಿದ ಅಮ್ಮಿ ಜೂನ್ ತಿಂಗಳ ಆ ಉದ್ದನೆಯ ಹಗಲನ್ನು ಒಂದು ಗುಟುಕು ನೀರೂ ಇಲ್ಲದೆ ಹಿಡಿದರು. ಬೇಡವೆಂದರೂ ಕೇಳಲಿಲ್ಲವಂತೆ. ಅಲಾರಂ ಕೂಗಿತು, ಆದರೆ ಮಧ್ಯಾಹ್ನ ಮೂರು ಗಂಟೆಗೆ!

ಅದಕ್ಕಿಂತ ಭಾಬಿ ಕೊನೆಗೆ ಹೇಳಿದ ಮಾತು ನನ್ನನ್ನು ಚುಚ್ಚಿತು. ‘ಅಮ್ಮಿ ಎರಡು ದಿನದಿಂದ ರೇಡಿಯೋ ಮುಟ್ಟುತ್ತಾರೆ, ಇಡುತ್ತಾರೆ. ಕೇಳಿದರೆ, “ನನಗೀಗ ಗುಂಡಿಗಳು ಮರೆತುಹೋಗುತ್ತಿವೆ, ಕಣ್ಣು ಹೋಯಿತು, ಇನ್ನು ತಲೆಯ ಸರದಿ ಇರಬೇಕು” ಅನ್ನುತ್ತಾರೆ ಆಪಾ.’

ಸಹೋದರಿಯರೇ, ನಾನು ಮಾಡಿದ್ದೇನೆಂದು ಆಗ ಅರ್ಥವಾಯಿತು. ರೇಡಿಯೋ ತನ್ನ ನೆನಪನ್ನು ಕಳೆದುಕೊಂಡಿತ್ತು. ಅಮ್ಮಿ ತಮ್ಮ ನೆನಪು ಹೋಯಿತೆಂದು ಎರಡು ದಿನ ಒಬ್ಬರೇ ಕುಳಿತು ಹೆದರಿದ್ದರು.

ರಿಸೆಟ್ ಎಂದರೆ ಯಂತ್ರವನ್ನು ಅದು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿಸುವುದು. ಇಂಥ ರೇಡಿಯೋಗಳ ಒಳಗೆ ಒಂದು ಪುಟ್ಟ ಗಣಕ ಇರುತ್ತದೆ. ಒಮ್ಮೊಮ್ಮೆ ಬ್ಯಾಟರಿ ಅರ್ಧ ಸತ್ತಾಗ, ಚಾರ್ಜರ್ ಹಾಕಿದ ಹೊತ್ತಿಗೇ ಕರೆಂಟು ಹೋಗಿ ಬಂದಾಗ, ಅದು ಗೊಂದಲಕ್ಕೆ ಬಿದ್ದು ನಿಂತಲ್ಲೇ ನಿಲ್ಲುತ್ತದೆ. ಆಗ ರಿಸೆಟ್ ಮಾಡಿದರೆ ಚೇತರಿಸಿಕೊಳ್ಳುತ್ತದೆ, ನಿಜ. ಆದರೆ ಎಷ್ಟೋ ಮಾದರಿಗಳಲ್ಲಿ ಅದರೊಂದಿಗೆ ನಾವು ತುಂಬಿಟ್ಟ ನಿಲ್ದಾಣಗಳು, ಗಡಿಯಾರ, ಅಲಾರಂ ಎಲ್ಲ ಅಳಿಸಿಹೋಗುತ್ತವೆ. ಅಮ್ಮಿಯ ರೇಡಿಯೋದಲ್ಲಿ ಗಡಿಯಾರ ನಾನು ಪಿನ್ನು ಒತ್ತಿದ ಕ್ಷಣದಿಂದ ಸೊನ್ನೆ ಗಂಟೆ ಎಂದು ಎಣಿಸಲು ಆರಂಭಿಸಿತ್ತು. ಅಲಾರಂ ಕೂಡ ಸೊನ್ನೆ ಗಂಟೆಗೆ ಹೋಗಿ ಕುಳಿತಿತ್ತು. ನಮ್ಮ ಮಧ್ಯಾಹ್ನದ ಮೂರು ಗಂಟೆಯೇ ಅದರ ಮಧ್ಯರಾತ್ರಿ. ಅದು ತನ್ನ ಲೆಕ್ಕಕ್ಕೆ ಸರಿಯಾಗಿಯೇ ಕೂಗಿತ್ತು ಪಾಪ.

ಬುಧವಾರ ಶಾಲೆ ಮುಗಿಸಿ ನಾನು ಕಮಲಾಪುರಕ್ಕೆ ಹೋದೆ. ಇಫ್ತಾರ್ ಆದ ಮೇಲೆ ಅಮ್ಮಿಯ ಪಕ್ಕ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ನಿಮ್ಮ ತಲೆಗೆ ಏನೂ ಆಗಿಲ್ಲ ಅಮ್ಮಿ. ನೀವು ತುಂಬಿಟ್ಟದ್ದನ್ನೆಲ್ಲ ನಾನು ಅಳಿಸಿಬಿಟ್ಟೆ. ಅಳಿಸಿದ್ದು ನನಗೇ ಗೊತ್ತಾಗಲಿಲ್ಲ.’ ಅವರು ಬಹಳ ಹೊತ್ತು ಮಾತಾಡಲಿಲ್ಲ. ಸಿಟ್ಟು ಬಂತೇನೋ ಎಂದುಕೊಂಡೆ. ಆಮೇಲೆ ನಗತೊಡಗಿದರು. ‘ಅಲ್‌ಹಮ್ದುಲಿಲ್ಲಾಹ್, ಹಾಗಾದರೆ ನನಗೆ ಹುಚ್ಚು ಹಿಡಿದಿಲ್ಲ’ ಎಂದರು. ಅವರು ನಗುತ್ತಿದ್ದರೆ ನನಗೆ ಅಳು.

ಕೂಡಲೇ ನಿಲ್ದಾಣಗಳನ್ನು ತುಂಬಲು ಕುಳಿತೆ. ಕಲಬುರಗಿ ಆಕಾಶವಾಣಿಯ ಮೀಡಿಯಂ ವೇವ್ ಸಂಖ್ಯೆ ಆಗ 1107. ಚಿಕ್ಕಂದಿನಿಂದ ಕೇಳಿ ಬಾಯಿಪಾಠವಾದ ಅಂಕಿ. ಆದರೆ ಏನು ಮಾಡಿದರೂ ರೇಡಿಯೋ 1107ಕ್ಕೆ ಬಂದು ನಿಲ್ಲಲೊಲ್ಲದು. 1100 ಆದ ಮೇಲೆ ನೇರ 1110. ಅಲ್ಲಿ ನಮ್ಮ ಕಲಬುರಗಿ ಕೇಳಿಸುತ್ತಿತ್ತು, ಆದರೆ ವಾರ್ತೆ ಓದುವವರಿಗೆ ಗಂಟಲು ಕಟ್ಟಿದ ಹಾಗೆ, ಗೊರಗೊರ ಎಂದು. ಹೈದರಾಬಾದಿನ 738ಕ್ಕೂ ಅದೇ ಕತೆ. 730, ಬಿಟ್ಟರೆ 740. ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿ, ಮರುದಿನ ಚೀಲದಲ್ಲಿ ಹಾಕಿಕೊಂಡು ಕಲಬುರಗಿಗೆ ತಂದೆ.

ಸೂಪರ್ ಮಾರ್ಕೆಟ್ ಕಡೆಯ ಒಂದು ಓಣಿಯಲ್ಲಿ ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಒಬ್ಬ ವಯಸ್ಸಾದ ಮೆಕ್ಯಾನಿಕ್ ಕೂಡುತ್ತಿದ್ದರು. ಸುತ್ತಲಿನ ಅಂಗಡಿಗಳೆಲ್ಲ ಮೊಬೈಲ್ ಅಂಗಡಿಗಳಾಗಿದ್ದರೂ ಅವರು ಮಾತ್ರ ಬೆಸುಗೆ ಕಡ್ಡಿ ಬಿಟ್ಟಿರಲಿಲ್ಲ. ನನ್ನ ಕತೆಯನ್ನು ಕೇಳಿ ಅವರು ರೇಡಿಯೋ ಬಿಚ್ಚಲೇ ಇಲ್ಲ.

‘ಟೀಚರಮ್ಮ, ಮೊದಲ ದಿನಾ ಬಂದ್ ಬಿದ್ದಿತ್ತು ಅಂದ್ರಲ್ಲ, ಆಗ ಪರದೆ ಮ್ಯಾಲ ಸಣ್ಣದೊಂದು ಕೀಲಿ ಚಿತ್ರ ಇತ್ತೇನ್ರಿ?’

ನೆನಪು ಮಾಡಿಕೊಂಡೆ. ಇತ್ತು. ಮೂಲೆಯಲ್ಲಿ ಏನೋ ಒಂದು ಗುರುತು ಇತ್ತು.

‘ಹಂಗಾದ್ರ ಅದಕ್ಕ ಏನೂ ಆಗಿದ್ದಿಲ್ರಿ. ಕೀಲಿ ಬಿದ್ದಿತ್ತು ಅಷ್ಟೇ. ಧೂಳಾ ಒರಸೋ ಮುಂದ ಆ ಗುಂಡಿ ಒತ್ತಿರಬೇಕು. ಮತ್ತೊಮ್ಮೆ ಒತ್ತಿ ಹಿಡದಿದ್ರ ತಗೀತಿತ್ತು.’

ಕೇಳಿ ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕೈಚೀಲದಲ್ಲಿ, ಜೇಬಿನಲ್ಲಿ ಇಟ್ಟಾಗ ಗುಂಡಿಗಳು ತಾವಾಗಿ ಒತ್ತಿಕೊಳ್ಳಬಾರದೆಂದು ಇಂಥ ರೇಡಿಯೋಗಳಿಗೆ ಕೀಲಿ ಗುಂಡಿ ಇಟ್ಟಿರುತ್ತಾರೆ. ಕೀಲಿ ಬಿದ್ದಾಗ ಎಷ್ಟೋ ರೇಡಿಯೋಗಳು ಪೂರ್ತಿ ಸತ್ತಂತೆಯೇ ನಟಿಸುತ್ತವೆ. ಪರದೆಯಲ್ಲಿ ಗಡಿಯಾರ ಓಡುತ್ತಿದ್ದು ಗುಂಡಿಗಳು ಮಾತ್ರ ಕೇಳದಿದ್ದರೆ ಮೊದಲ ಅನುಮಾನ ಅದರ ಮೇಲೆಯೇ ಹೋಗಬೇಕು. ಶನಿವಾರ ಕೋಣೆಯ ಧೂಳು ತೆಗೆದವರು ಭಾಬಿ. ಈ ವಿಷಯವನ್ನು ನಾನು ಅವರಿಗೆ ಇಂದಿಗೂ ಹೇಳಿಲ್ಲ. ಹೇಳುವುದೂ ಇಲ್ಲ, ಈ ಪುಟವನ್ನು ಅವರು ಓದದಿದ್ದರೆ.

ಇನ್ನು ಆ 1107ರ ಒಗಟು. ಮೆಕ್ಯಾನಿಕ್ ಒಂದು ಗುಂಡಿಯನ್ನು ಒತ್ತಿ ಹಿಡಿದರು, ಪರದೆಯಲ್ಲಿ 10 ಇದ್ದದ್ದು 9 ಆಯಿತು. ಆಮೇಲೆ 1107 ಒತ್ತಿದರೆ ಕಲಬುರಗಿ ಸ್ವಚ್ಛವಾಗಿ ಮಾತಾಡಿತು. ಸಂಗತಿ ಇಷ್ಟೇ. ಮೀಡಿಯಂ ವೇವ್‌ನಲ್ಲಿ ಒಂದು ನಿಲ್ದಾಣಕ್ಕೂ ಮತ್ತೊಂದಕ್ಕೂ ನಡುವೆ ಎಷ್ಟು ಅಂತರ ಇರಬೇಕೆಂದು ದೇಶಗಳು ಒಪ್ಪಂದ ಮಾಡಿಕೊಂಡಿವೆ. ಅಮೆರಿಕ ಖಂಡದಲ್ಲಿ 10 ಕಿಲೋಹರ್ಟ್ಸ್. ಏಷ್ಯಾ, ಯೂರೋಪ್, ಆಫ್ರಿಕಾಗಳಲ್ಲಿ 9. ಇದು 1975ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದ, 1978ರಿಂದ ಜಾರಿಗೆ ಬಂತು. ಆದ್ದರಿಂದ ನಮ್ಮ ಮೀಡಿಯಂ ವೇವ್ ನಿಲ್ದಾಣಗಳ ಸಂಖ್ಯೆಗಳೆಲ್ಲ ಒಂಬತ್ತರ ಮಗ್ಗಿಯಲ್ಲಿವೆ. ಬೇಕಿದ್ದರೆ 1107ನ್ನು ಒಂಬತ್ತರಿಂದ ಭಾಗಿಸಿ ನೋಡಿ, 123 ಬರುತ್ತದೆ, ಶೇಷ ಉಳಿಯುವುದಿಲ್ಲ. 738ನ್ನು ಭಾಗಿಸಿದರೆ 82. (ನನ್ನ ಐದನೇ ತರಗತಿಯ ಮಕ್ಕಳಿಗೆ ಭಾಗಾಕಾರಕ್ಕೆ ಈಗ ಇದೇ ಲೆಕ್ಕ ಕೊಡುತ್ತೇನೆ.) ಎಲ್ಲ ದೇಶಗಳಲ್ಲೂ ಮಾರಲೆಂದು ತಯಾರಾದ ರೇಡಿಯೋಗಳಲ್ಲಿ ಎರಡೂ ಲೆಕ್ಕ ಇರುತ್ತವೆ. ಪಿನ್ನು ಒತ್ತಿ ನಾನು ಅದನ್ನು ಹತ್ತರ ಲೆಕ್ಕಕ್ಕೆ ತಳ್ಳಿದ್ದೆ. ಅಮ್ಮಿಯ ರೇಡಿಯೋ ಒಂದೇ ಕ್ಷಣದಲ್ಲಿ ಅಮೆರಿಕಕ್ಕೆ ಹೋಗಿಬಿಟ್ಟಿತ್ತು! ರಿಸೆಟ್ ಆದ ಮೇಲೆ ಮೀಡಿಯಂ ವೇವ್ ಗೊರಗುಟ್ಟಿದರೆ ಈ 9-10ರ ಲೆಕ್ಕವನ್ನು ನೋಡಿ. ಯಾವ ಗುಂಡಿ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಜೊತೆಗೆ ಬಂದ ಪುಸ್ತಿಕೆಯಲ್ಲಿ ಬರೆದಿರುತ್ತದೆ. ಆ ಪುಸ್ತಿಕೆಯನ್ನು ನಮ್ಮ ಮನೆಗಳಲ್ಲಿ ಡಬ್ಬಿಯ ಜೊತೆಗೇ ಎಸೆಯುತ್ತಾರೆ, ಅದು ಬೇರೆ ಮಾತು.

ಮೆಕ್ಯಾನಿಕ್ ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ. ‘ಮುಂದಿನ ಸಲ ಪಿನ್ನಾ ಹಾಕೋಕಿಂತ ಮೊದಲ ಒಂದು ಹಾಳ್ಯಾಗ ಎಲ್ಲಾ ಬರಕೊಳ್ರಿ’ ಎಂದರು. ಆ ಮಾತನ್ನು ನಾನು ಇಂದು ನಿಮಗೆ ದಾಟಿಸುತ್ತಿದ್ದೇನೆ. ಯಾವ ಗುಂಡಿಗೆ ಯಾವ ನಿಲ್ದಾಣ, ಅದರ ಸಂಖ್ಯೆ ಏನು, ಅಲಾರಂ ಎಷ್ಟಕ್ಕೆ ಎಂದು ಬರೆದು ಬ್ಯಾಟರಿ ಮುಚ್ಚಳದ ಒಳಗೆ ಮಡಚಿಟ್ಟರೆ ಸಾಕು. ಹಾಗೆಯೇ ಆ ಯಂತ್ರ ಯಾರದೋ ಅವರನ್ನು ಕೇಳದೆ ರಿಸೆಟ್ ಮಾಡಬೇಡಿ. ಅದು ಅತ್ತೆಯ ರೇಡಿಯೋ ಇರಲಿ, ಮಕ್ಕಳ ಗಡಿಯಾರ ಇರಲಿ. ತೂತು ಇಲ್ಲದ ರೇಡಿಯೋಗಳೂ ಇವೆ. ಕೆಲವದರಲ್ಲಿ ಎರಡು ಮೂರು ಗುಂಡಿಗಳನ್ನು ಒಟ್ಟಿಗೆ ಹಿಡಿದು ಆನ್ ಮಾಡಬೇಕು. ಕೆಲವನ್ನು ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದು ಕೆಲವು ನಿಮಿಷ ಸುಮ್ಮನೆ ಬಿಟ್ಟರೆ ತಾವೇ ಸರಿಹೋಗುತ್ತವೆ. ಮೊದಲು ಈ ಕೊನೆಯ ಉಪಾಯವನ್ನು ನೋಡುವುದು ಒಳ್ಳೆಯದು. ಬಹಳಷ್ಟು ರೇಡಿಯೋಗಳಲ್ಲಿ ಇದರಿಂದ ನಿಲ್ದಾಣಗಳ ನೆನಪು ಹೋಗುವುದಿಲ್ಲ, ಗಡಿಯಾರ ಮಾತ್ರ ಹೋಗಬಹುದು.

ರೇಡಿಯೋ ಕೆಡುವುದು ಹೆಚ್ಚಾಗಿ ಬ್ಯಾಟರಿಯಿಂದ. ಇದನ್ನು ನಾನು ಅಬ್ಬಾ ಅವರ ಟ್ರಾನ್ಸಿಸ್ಟರ್‌ನಿಂದ ಕಲಿತೆ. ಕಂದು ಬಣ್ಣದ ಚರ್ಮದ ಕವಚದ ಆ ಟ್ರಾನ್ಸಿಸ್ಟರ್ ನಮ್ಮ ಮನೆಯಲ್ಲಿ ಒಬ್ಬ ಹಿರಿಯನ ಹಾಗೆ ಇತ್ತು. ಅದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿದ ಪುಸ್ತಕವೂ ಇತ್ತು. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ವರ್ಷ ವರ್ಷ ಹಣ ಕಟ್ಟುವ ಆ ಪದ್ಧತಿ 1980ರ ದಶಕದಲ್ಲಿ ರದ್ದಾಯಿತು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೋ ಕೇಳಲು ಶ್ರೀಮಂತರ ಅಂಗಳದಲ್ಲಿ ಜನ ಸೇರುತ್ತಿದ್ದುದನ್ನು ನಮ್ಮ ದಾದಾ ಹೇಳುತ್ತಿದ್ದರು. 1950ರಲ್ಲಿ ಅದು ಆಕಾಶವಾಣಿಗೆ ಸೇರಿತು. ನಮ್ಮ ಊರಿನವರ ಭಾಗಕ್ಕೆ ಕಲಬುರಗಿಯಲ್ಲೇ ನಿಲ್ದಾಣ ಬಂದದ್ದು 1966ರಲ್ಲಿ.

1993ರ ಸೆಪ್ಟೆಂಬರ್ 30ರ ನಸುಕು ನನಗೆ ಚೆನ್ನಾಗಿ ನೆನಪಿದೆ. ನಾಲ್ಕು ಗಂಟೆಗೆ ಕೆಲವೇ ನಿಮಿಷ ಇತ್ತು. ಪಾತ್ರೆಗಳು ತಾವಾಗಿ ಗಲಗಲ ಎಂದವು, ಗೋಡೆಯಿಂದ ಮಣ್ಣು ಉದುರಿತು. ಅಬ್ಬಾ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದು ತಂದರು, ಮತ್ತೆ ಒಳಗೆ ಓಡಿ ಹೋಗಿ ತಂದ ಒಂದೇ ವಸ್ತು ಟ್ರಾನ್ಸಿಸ್ಟರ್. ಬೆಳಕು ಹರಿಯುತ್ತ ಓಣಿಯ ಜನ ನಮ್ಮ ಅಂಗಳದಲ್ಲಿ ಸೇರಿದರು. ಕಿಲಾರಿ ಎಂಬ ಊರಿನ ಹೆಸರನ್ನು ನಾನು ಮೊದಲ ಬಾರಿ ಕೇಳಿದ್ದು ಅದರಿಂದಲೇ. ನಮ್ಮ ಪಕ್ಕದ ಲಾತೂರು ಜಿಲ್ಲೆಯಲ್ಲಿ ಸಾವಿರಾರು ಜನ ಮಲಗಿದ್ದಲ್ಲೇ ತೀರಿಹೋಗಿದ್ದರು. ಆ ದಿನವೆಲ್ಲ ಅಬ್ಬಾ ಟ್ರಾನ್ಸಿಸ್ಟರ್ ಆರಿಸಲಿಲ್ಲ.

ಅಬ್ಬಾ ತೀರಿಕೊಂಡ ಮೇಲೆ ಅದನ್ನು ಗೌರವದಿಂದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆವು. ಸೆಲ್ಲುಗಳನ್ನು ತೆಗೆಯಲು ಯಾರಿಗೂ ಹೊಳೆಯಲಿಲ್ಲ. ಎರಡು ವರ್ಷದ ಮೇಲೆ ತೆರೆದರೆ ಸೆಲ್ಲು ಒಡೆದು ಸೋರಿ, ಒಳಗಿನ ಸ್ಪ್ರಿಂಗು, ತಂತಿ ಎಲ್ಲ ತಿಂದುಹಾಕಿತ್ತು. ಗೌರವ ಮಾಡಿ ಕೊಂದೆವು ಅನ್ನಿ. ತಿಂಗಳುಗಟ್ಟಲೆ ಬಳಸದ ರೇಡಿಯೋ, ಟಾರ್ಚು, ಗಡಿಯಾರ, ರಿಮೋಟು ಯಾವುದರಲ್ಲೂ ಸೆಲ್ಲು ಬಿಡಬಾರದು. ಹೊಸ ಸೆಲ್ಲಿನ ಜೊತೆ ಹಳೆಯದನ್ನು ಸೇರಿಸಬಾರದು. ಹಾಗೆ ಸೇರಿಸಿದರೆ ಸೋತ ಸೆಲ್ಲೇ ಮೊದಲು ಸೋರುತ್ತದೆ. ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ್ದರೆ ಸೆಲ್ಲು ತೆಗೆದುಹಾಕಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಹಿಂಡಿ, ಆ ಪುಡಿಯನ್ನಷ್ಟೇ ಒರೆಸಿ. ಅದು ಕ್ಷಾರ, ಹುಳಿಗೆ ಕರಗುತ್ತದೆ. ಸಾಮಾನ್ಯ ಅಗ್ಗದ ಸೆಲ್ಲಿನ ಸೋರಿಕೆ ಇದಕ್ಕೆ ಉಲ್ಟಾ, ಆಮ್ಲದ ಗುಣದ್ದು. ಅದಕ್ಕೆ ಅಡುಗೆ ಸೋಡಾವನ್ನು ತುಸು ನೀರಿನಲ್ಲಿ ಕಲಸಿ ಒರೆಸಬೇಕು. ಎರಡಕ್ಕೂ ಕೊನೆಯಲ್ಲಿ ಸರ್ಜಿಕಲ್ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಪೂರ್ತಿ ಒಣಗಿಸಿ. ನೀರು ಸುರಿಯುವುದಂತೂ ಬೇಡವೇ ಬೇಡ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಮಕ್ಕಳನ್ನು ದೂರ ಕೂರಿಸಿ.

ಮತ್ತೊಂದು ಅಪಾಯವಿದೆ. ಚಾರ್ಜ್ ಮಾಡುವ ಸೆಲ್ಲು ನೋಡಲು ಸಾಮಾನ್ಯ ಸೆಲ್ಲಿನ ಹಾಗೆಯೇ ಇರುತ್ತದೆ. ಅದು 1.2 ವೋಲ್ಟ್, ಇದು 1.5 ವೋಲ್ಟ್. ತನ್ನೊಳಗೇ ಚಾರ್ಜ್ ಮಾಡುವ ರೇಡಿಯೋದಲ್ಲಿ ಸಾಮಾನ್ಯ ಸೆಲ್ಲು ಹಾಕಿ ಚಾರ್ಜರ್ ಚುಚ್ಚಿದರೆ ಸೆಲ್ಲು ಬಿಸಿಯಾಗಿ ಸೋರಬಹುದು, ಸಿಡಿಯಲೂಬಹುದು. ಕೆಲವು ರೇಡಿಯೋಗಳಲ್ಲಿ ಯಾವ ಸೆಲ್ಲು ಹಾಕಿದ್ದೀರಿ ಎಂದು ತಿಳಿಸುವ ಒಂದು ಚಿಕ್ಕ ಸ್ವಿಚ್ಚೇ ಇರುತ್ತದೆ. ರಿಸೆಟ್‌ಗಿಂತ ಮೊದಲು ಅದರ ಕಡೆ ಕಣ್ಣು ಹಾಯಿಸಿ.

ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ 42-43 ಡಿಗ್ರಿ ಏರುವ ಊರಿನಲ್ಲಿ ಕಿಟಕಿಯ ಮೇಲೆ, ಪತ್ರಾಸ್ ಛಾವಣಿಯ ಕೆಳಗಿನ ಗೂಡಿನಲ್ಲಿ ರೇಡಿಯೋ ಇಟ್ಟರೆ ಬ್ಯಾಟರಿ ಬಾಳುವುದಿಲ್ಲ, ಪರದೆ ಕಪ್ಪಾಗುತ್ತದೆ. ತೊಗರಿಯ ರಾಶಿ ಮಾಡುವ ದಿನಗಳಲ್ಲಿ ಹೊಟ್ಟು ಎಲ್ಲೆಲ್ಲಿಯೂ ನುಗ್ಗುತ್ತದೆ. ತೆಳ್ಳನೆಯ ಬಟ್ಟೆಯ ಚೀಲವೊಂದನ್ನು ಹೊಲಿದು ಹಾಕಿದರೆ ಸಾಕು, ಧ್ವನಿಗೂ ಅಡ್ಡಿಯಿಲ್ಲ. ಇನ್ನು ಕಡ್ಡಿ. ಆ ಉದ್ದನೆಯ ಕಡ್ಡಿಯನ್ನು ಮೀಡಿಯಂ ವೇವ್‌ಗಾಗಿ ಎಳೆದು ಎಳೆದು ಮುರಿಯುತ್ತಾರೆ. ಅದು ಎಫ್.ಎಂ. ಮತ್ತು ಶಾರ್ಟ್ ವೇವ್‌ಗೆ. ಮೀಡಿಯಂ ವೇವ್ ಹಿಡಿಯುವುದು ಒಳಗೆ ಅಡ್ಡ ಮಲಗಿರುವ ಕಪ್ಪು ಫೆರೈಟ್ ಕಡ್ಡಿ. ಅಂಥ ನಿಲ್ದಾಣ ಮಂದವಾದರೆ ರೇಡಿಯೋವನ್ನೇ ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಒಂದು ದಿಕ್ಕಿನಲ್ಲಿ ಸ್ವರ ಅರಳುತ್ತದೆ. ಬರ್ ಎಂಬ ಸದ್ದು ಬರುತ್ತಿದ್ದರೆ ಹತ್ತಿರದ ಎಲ್.ಇ.ಡಿ. ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆರಿಸಿ ನೋಡಿ, ಕಳ್ಳ ಸಿಗುತ್ತಾನೆ.

ಇಲ್ಲಿ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ರೇಡಿಯೋದ ಸ್ಕ್ಯಾನ್ ಗುಂಡಿ ಬೇರೆ, ‘ಸ್ಕ್ಯಾನರ್’ ಎಂದು ಮಾರುವ ಕೈಯಂತ್ರ ಬೇರೆ. ಸ್ಕ್ಯಾನ್ ಗುಂಡಿ ಹುಡುಕುವುದು ಎಲ್ಲರಿಗಾಗಿ ಬಿತ್ತರವಾಗುವ ನಿಲ್ದಾಣಗಳನ್ನು. ಸ್ಕ್ಯಾನರ್ ಎಂಬುದು ಪೊಲೀಸರು, ಅಗ್ನಿಶಾಮಕ ದಳ, ವಿಮಾನದವರು ತಮ್ಮ ತಮ್ಮೊಳಗೆ ಆಡುವ ಮಾತನ್ನೂ ಹುಡುಕುತ್ತದೆ. 2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಆರಂಭವಾದಾಗ ನನ್ನ ತಂಗಿಯ ಮಗ, ಆಗಿನ್ನೂ ಒಂಬತ್ತನೇ ತರಗತಿ, ‘ಖಾಲಾ, ಪೈಲಟ್ ಮಾತಾಡುವುದು ಕೇಳುವ ಯಂತ್ರ ಸಿಗುತ್ತದಂತೆ, ತರಿಸೋಣ’ ಎಂದು ಗಂಟುಬಿದ್ದ. ಅಮೆರಿಕದಲ್ಲಿ ಅದು ಒಂದು ಹವ್ಯಾಸ. ನಮ್ಮಲ್ಲಿ ಹಾಗಲ್ಲ. ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳಬಾರದು ಎಂಬ ಕಾನೂನು 1933ರದು, ಅದರ ಜಾಗಕ್ಕೆ ತಂದ 2023ರ ದೂರಸಂಪರ್ಕ ಕಾಯ್ದೆಯಲ್ಲೂ ಅನುಮತಿ ಬೇಕು. ವಾಕಿಟಾಕಿಗಳನ್ನು ಆನ್‌ಲೈನ್‌ನಲ್ಲಿ ಕಂಡಕಂಡವರು ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸು ನೀಡಿ, ಮಾರ್ಗಸೂಚಿಯನ್ನೂ ಹೊರಡಿಸಿತು. ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಮಕ್ಕಳು ತರಿಸುವ ಕಾಲ ಇದು. ಡಬ್ಬಿ ಬಂದ ಮೇಲೆ ಪೇಚಾಡುವುದಕ್ಕಿಂತ ಮೊದಲೇ ಕೇಳಿ. ಆ ಹುಡುಗನನ್ನು ನಾನು ಕಮಲಾಪುರಕ್ಕೆ ಕಳಿಸಿದೆ, ನಾನಿಗೆ ಹೊಸ ಸೆಲ್ಲು ಹಾಕುವ ಕೆಲಸ ವಹಿಸಿ. ಅಲ್ಲಿ ಶಾರ್ಟ್ ವೇವ್‌ನಲ್ಲಿ ರಾತ್ರಿ ಚೀನಾ, ಇರಾನ್ ಎಂದು ಹುಡುಕುತ್ತ ಕುಳಿತವನಿಗೆ ಪೈಲಟ್ ಮರೆತುಹೋದ.

ಅಮ್ಮಿಯ ವಿಷಯಕ್ಕೆ ಬರುತ್ತೇನೆ. ಆ ವರ್ಷದ ಮೊದಲ ಶುಕ್ರವಾರ ತರಾವೀಹ್ ಆದ ಮೇಲೆ ನಾನು ರೇಡಿಯೋವನ್ನು ಅವರ ಕೈಗೇ ಕೊಟ್ಟು ಪಕ್ಕ ಕುಳಿತೆ. ನಾನು ತುಂಬಿಕೊಟ್ಟರೆ ಕೆಲಸ ಐದು ನಿಮಿಷ. ಆದರೆ ಅವರೇ ತುಂಬಬೇಕು ಎನಿಸಿತು. ನಾನು ಸಂಖ್ಯೆ ಹೇಳುವುದು, ಅವರು ಐದರ ಉಬ್ಬಿನಿಂದ ಎಣಿಸಿ ಒತ್ತುವುದು. ತಪ್ಪಾದರೆ ಮತ್ತೆ. ಮೊದಲ ದಿನ ಕಲಬುರಗಿ, ಹೈದರಾಬಾದ್. ಬೆರಳು ಒಮ್ಮೆ ಏಳರ ಮೇಲೆ, ಒಮ್ಮೆ ಎಂಟರ ಮೇಲೆ ಜಾರಿದರೆ ‘ನೋಡಿದೆಯಾ, ಮರೆವು’ ಎನ್ನುವರು. ‘ನನಗೂ ಜಾರುತ್ತದೆ ಅಮ್ಮಿ’ ಎನ್ನುವೆ. ಮುಂದಿನ ವಾರ ವಿವಿಧ ಭಾರತಿ, ಬಿಬಿಸಿ. ಗಡಿಯಾರ, ಅಲಾರಂ ಮಾತ್ರ ನಾನು ಹೊಂದಿಸಿದೆ, ಪರದೆ ನೋಡದೆ ಅದು ಆಗುವಂತಿರಲಿಲ್ಲ. ಕೀಲಿ ಗುಂಡಿಯ ಮೇಲೆ ದಪ್ಪ ಗೋಂದಿನ ಒಂದು ಹನಿ ಬಿಟ್ಟು ಒಣಗಿಸಿದೆವು, ಬೆರಳಿಗೆ ಸಿಗಲೆಂದು. ರಿಸೆಟ್ ತೂತಿನ ಮೇಲೆ ಅಂಟುಪಟ್ಟಿ ಹಚ್ಚಿದವರು ಭಾಬಿ. ಅದರ ಮೇಲೆ ಉರ್ದುವಿನಲ್ಲಿ ‘ಮುಟ್ಟಬೇಡಿ’ ಎಂದು ಬರೆದರು. ಯಾರಿಗೆ ಬರೆದದ್ದೆಂದು ನಾನು ಕೇಳಲಿಲ್ಲ.

ನಾಲ್ಕು ವರ್ಷ ಯಾವ ತೊಂದರೆಯೂ ಇಲ್ಲದೆ ಕಳೆಯಿತು. 2020ರ ಫೆಬ್ರವರಿಯ ಮೊದಲ ದಿನಗಳು. ಅಮ್ಮಿಯೇ ಭಾಬಿಯಿಂದ ಫೋನು ಹಚ್ಚಿಸಿದರು. ಸಲಾಂಗೂ ಮೊದಲೇ ಪ್ರಶ್ನೆ.

‘ಬೇಟಿ, ನಿಜ ಹೇಳು. ಹೋದ ರವಿವಾರ ಬಂದಾಗ ಆ ತೂತಿಗೆ ಪಿನ್ನು ಹಾಕಿದೆಯಾ?’

‘ಇಲ್ಲ ಅಮ್ಮಿ, ನಾನು ಮುಟ್ಟಿಯೂ ಇಲ್ಲ.’

‘ಮತ್ತೆ ನಾಲ್ಕನೆಯದು ಏಕೆ ಮಾತಾಡುತ್ತಿಲ್ಲ? ಒಂದು, ಎರಡು, ಮೂರು ಸರಿಯಾಗಿವೆ.’

ನನಗೂ ಹೊಳೆಯಲಿಲ್ಲ. ಆಮೇಲೆ ಪತ್ರಿಕೆಯಲ್ಲಿ ಓದಿದ್ದು ನೆನಪಾಯಿತು. ಬಿಬಿಸಿ ಹಿಂದಿಯವರು ಜನವರಿ 31ಕ್ಕೆ ರೇಡಿಯೋ ಪ್ರಸಾರವನ್ನೇ ನಿಲ್ಲಿಸಿದ್ದರು. 1940ರಲ್ಲಿ ಹಿಂದೂಸ್ತಾನಿ ಹೆಸರಿನಲ್ಲಿ ಆರಂಭವಾದ ಸೇವೆ. ಅಮ್ಮಿ ಮದುವೆಯಾಗಿ ಬಂದ ದಿನದಿಂದ ಅಬ್ಬಾ ಜೊತೆ ಕೇಳುತ್ತಿದ್ದುದು.

‘ಯಂತ್ರದ್ದಲ್ಲ ಅಮ್ಮಿ, ನಿಮ್ಮದೂ ಅಲ್ಲ. ಆ ನಿಲ್ದಾಣವೇ ಮುಚ್ಚಿಹೋಯಿತು’ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಗುಂಡಿಗೆ ಬೇರೆ ಏನಾದರೂ ತುಂಬಿ ಕೊಡಲೇ ಎಂದು ಕೇಳಿದೆ.

‘ಬೇಡ ಬೇಟಿ, ಖಾಲಿ ಇರಲಿ. ಅಲ್ಲಿ ಏನಾದರೂ ಮಾತಾಡತೊಡಗಿದರೆ ನನ್ನ ಬೆರಳಿನ ಲೆಕ್ಕ ತಪ್ಪುತ್ತದೆ’ ಎಂದರು. ಆಮೇಲೆ, ‘ಬರುವಾಗ ಎರಡು ಸೆಲ್ಲು ತಾ, ಒಂದೇ ಕಂಪನಿಯವು’ ಎಂದು ಫೋನನ್ನು ಭಾಬಿಯ ಕೈಗೆ ಕೊಟ್ಟರು.